ಅಂಚೆಚೀಟಿಯ ಛಾಯೆಯೂ ಗ್ರಂಥಸಂಪಾದನೆಯ ನ್ಯಾಯವೂ

ತಾಳೆಗರಿಯ ಪ್ರತಿಯೊಂದರಲ್ಲಿ ಹುಳು ಒಂದಕ್ಷರವನ್ನು ತಿಂದುಹಾಕಿದ್ದರೆ ಆ ತೂತನ್ನು ಯಾವ ಸಂಪಾದಕನೂ ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ನಮೂದಿಸುವುದಿಲ್ಲ. ಲಿಪಿಕಾರನು ಬರೆದ ಭಿನ್ನ ರೂಪ ಬೇರೆ, ಬರೆದಾದ ಮೇಲೆ ಪ್ರತಿಗೆ ಒದಗಿದ ಹಾನಿ ಬೇರೆ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಅಂಚೆಚೀಟಿಗಳ ಸಂಗ್ರಹಲೋಕದಲ್ಲಿ ಈ ಮೊದಲ ಪಾಠವೇ ಮರೆತುಹೋಗಿದೆ. ಬಿಸಿಲಿಗೆ ಮಾಸಿದ ಹಸಿರು ಅಲ್ಲಿ ಅಪರೂಪದ ನೀಲಿಯಾಗುತ್ತದೆ. ಅಟ್ಟದ ಹೊಗೆಯಲ್ಲಿ ಕಂದಿದ ಕೆಂಪು ದುರ್ಲಭವಾದ ಕಂದುಗೆಂಪಾಗುತ್ತದೆ. ಮಳೆಗಾಲದ ತೇವಕ್ಕೆ ಬಣ್ಣ ಬಿಟ್ಟ ಊದಾ ಚೀಟಿಗೆ ಹೊಸ ಹೆಸರೂ ಹೊಸ ಬೆಲೆಯೂ ದೊರೆಯುತ್ತವೆ. ಹುಳು ತಿಂದ ತೂತನ್ನು ಪಾಠಾಂತರವೆಂದು ಸಾರುವುದಕ್ಕೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ.

ಇದು ಸಂಗ್ರಾಹಕರ ಹವ್ಯಾಸದೊಳಗಿನ ಜಗಳವಾಗಿದ್ದರೆ ಸಾಹಿತ್ಯದ ವಿದ್ಯಾರ್ಥಿಗಳು ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ಛಾಯೆಯ ಈ ಬೇಟೆಗೆ ಬಲಿಯಾಗುತ್ತಿರುವುದು ಪತ್ರಗಳು. ಚೀಟಿಯ ಬಣ್ಣವನ್ನು ಬಿಡಿಯಾಗಿ ನೋಡಬೇಕೆಂಬ ಆಸೆಯಿಂದ ಲಕೋಟೆಯ ಮೂಲೆಯನ್ನು ಕತ್ತರಿಸಿ, ನೀರಿನಲ್ಲಿ ನೆನೆಸಿ, ಚೀಟಿಯನ್ನು ಬಿಡಿಸಿ ಆಲ್ಬಮ್ಮಿಗೆ ಏರಿಸುವುದು ಬಹುಕಾಲದಿಂದ ನಡೆದುಬಂದ ರೂಢಿ. ಕಾರವಾರ, ಅಂಕೋಲೆಗಳಂಥ ಊರುಗಳಲ್ಲಿ ಹಳೆಯ ಮನೆಯ ಟ್ರಂಕಿನಿಂದ ಹೊರಬಂದ ಪಾಕೀಟು ಬರಿಯ ಕಾಗದವಲ್ಲ. ಆ ನೆಲದ ಚಳವಳಿಯ, ಶಾಲೆಯ, ಪತ್ರಿಕೆಯ, ಸಾಹಿತ್ಯದ ಚರಿತ್ರೆಗೆ ಅದೊಂದು ಮೂಲ ಆಕರ. ಆದ್ದರಿಂದ ಛಾಯೆಯನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಯೊಳಗೆ ಆಕರವನ್ನು ಕಾಯುವುದು ಹೇಗೆಂಬ ಪ್ರಶ್ನೆಯೂ ಅಡಗಿದೆ.

ಮೊದಲಿಗೆ ನಿಜವಾದ ಛಾಯಾಭೇದ ಹೇಗೆ ಹುಟ್ಟುತ್ತದೆಂಬುದನ್ನು ನೋಡಬೇಕು. ಭಾರತದಾದ್ಯಂತ ಬಳಕೆಗೆ ಬಂದ ಮೊದಲ ಅಂಚೆಚೀಟಿಗಳು 1854ರಲ್ಲಿ ಕಲ್ಕತ್ತೆಯ ಸರ್ವೆ ಕಚೇರಿಯಲ್ಲಿ ಕ್ಯಾಪ್ಟನ್ ಥುಯಿಲಿಯರನ ಮೇಲ್ವಿಚಾರಣೆಯಲ್ಲಿ ಕಲ್ಲಚ್ಚಿನಿಂದ ಮುದ್ರಿತವಾದವು. ಅರ್ಧಾಣೆಯ ಚೀಟಿಯನ್ನು ಮೊದಲು ಅಚ್ಚುಹಾಕಿದ್ದು ಇಂಗಳೀಕದ ಕೆಂಪಿನಲ್ಲಿ. ಇಂಗ್ಲೆಂಡಿನಿಂದ ತರಿಸಿದ ಇಂಗಳೀಕ ಮುಗಿದುಹೋಯಿತು. ಈ ದೇಶದಲ್ಲಿ ದೊರೆತ ಇಂಗಳೀಕವು ಅಚ್ಚಿನ ಕಲ್ಲಿನ ಮೇಲಿನ ಚಿತ್ರವನ್ನೇ ಕೆಡಿಸಿತು. ಕೊನೆಗೆ ಅರ್ಧಾಣೆ ನೀಲಿಯಾಗಿ ಹೊರಬಂದಿತು. ಆ ನೀಲಿಯಾದರೂ ಒಂದೇ ಅಲ್ಲ. ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗು ಅದರಲ್ಲಿ ನೀಲಿ, ತಿಳಿನೀಲಿ, ಕಡುನೀಲಿ, ಇಂಡಿಗೊ ಎಂದು ಪ್ರತ್ಯೇಕಿಸುತ್ತದೆ. ಕೈಯಿಂದ ಅರೆದು ಕಲಸಿದ ಶಾಯಿ, ಒಂದೊಂದು ಕಂತಿನಲ್ಲಿಯೂ ಒಂದೊಂದು ಹದ. ಭೇದ ಹುಟ್ಟಿದ್ದು ಹೀಗೆ. ಇದೇ ನಿಜವಾದ ಪಾಠಾಂತರ. ಇದರ ಹಿಂದೆ ಒಂದು ದ್ರವ್ಯವಿದೆ, ಒಂದು ಕಾಲವಿದೆ, ಒಂದು ಅಚ್ಚುಕೂಟವಿದೆ.

ಛಾಯೆಯನ್ನು ಗುರುತಿಸುವುದೆಂದರೆ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು: ಇದು ಯಾವ ದ್ರವ್ಯ, ಯಾವ ಕಾಲದ ಮುದ್ರಣ, ಮುದ್ರಣದ ಬಳಿಕ ಇದಕ್ಕೆ ಒದಗಿದ ವಿಕಾರ ಯಾವುದು. ಕಣ್ಣಿಗೆ ಕಂಡದ್ದಕ್ಕೆ ಕ್ಯಾಟಲಾಗಿನಿಂದ ಒಂದು ಹೆಸರನ್ನು ಆರಿಸಿಕೊಂಡ ಮಾತ್ರಕ್ಕೆ ಈ ಮೂರರಲ್ಲಿ ಒಂದಕ್ಕೂ ಉತ್ತರ ದೊರೆಯುವುದಿಲ್ಲ.

ಬಣ್ಣಕ್ಕಿಂತ ಗಟ್ಟಿಯಾದ ಸಾಕ್ಷಿಗಳು ಚೀಟಿಯ ಮೇಲೆಯೇ ಇರುವಾಗಲೂ ಅವನ್ನು ಓದದೆ ಹೋಗುವುದು ಇನ್ನೊಂದು ಪ್ರಮಾದ. ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ತಂಗಿದ್ದುದೂ ಅಲ್ಲಿಯೇ 'ಪ್ರಕೃತಿರ್ ಪ್ರತಿಶೋಧ' ರೂಪುಗೊಂಡುದೂ ಸಾಹಿತ್ಯದ ಓದುಗರಿಗೆ ತಿಳಿದ ಸಂಗತಿ. 1880ರ ದಶಕದ ಆರಂಭದ ಆ ವರ್ಷಗಳಲ್ಲಿಯೇ ಅರ್ಧಾಣೆಯ ಚೀಟಿ ನೀಲಿಯಿಂದ ನೀಲಿಹಸಿರಿಗೆ ತಿರುಗಿತು. ಬದಲಾದದ್ದು ಬಣ್ಣ ಮಾತ್ರವಲ್ಲ. ಹಳೆಯ ನೀಲಿ ಚೀಟಿಯ ಮೇಲೆ 'ಈಸ್ಟ್ ಇಂಡಿಯಾ ಪೋಸ್ಟೇಜ್' ಎಂದಿತ್ತು. 1882ರಿಂದ ಆರಂಭವಾದ ಹೊಸ ಮಾಲೆಯ ಮೇಲೆ 'ಇಂಡಿಯಾ ಪೋಸ್ಟೇಜ್' ಎಂದಾಯಿತು. ಕಾಗದದೊಳಗಿನ ನೀರುಗುರುತು ಆನೆಯ ತಲೆಯಿಂದ ನಕ್ಷತ್ರಕ್ಕೆ ಬದಲಾಯಿತು. ಹಸಿರಿನಲ್ಲಿರುವ ಹಳದಿಯ ಅಂಶ ಬಿಸಿಲಿಗೋ ನೀರಿಗೋ ಕಳೆದುಹೋದರೆ ಉಳಿಯುವುದು ನೀಲಿ. ಅಂಥ ನೀಲಿಯ ಅರ್ಧಾಣೆಯನ್ನು ಹಿಡಿದು 'ಮುದ್ರಣದೋಷದ ಅಪೂರ್ವ ಪ್ರತಿ' ಎಂದು ಸಂಭ್ರಮಿಸುವವನು ಅದರ ಮೇಲಿನ ಅಕ್ಷರಗಳನ್ನು ಓದಿದರೆ ಸಾಕು, ಸಂಭ್ರಮ ಇಳಿಯುತ್ತದೆ. ನಕ್ಷತ್ರದ ನೀರುಗುರುತಿರುವ ಅರ್ಧಾಣೆ ಹಸಿರಾಗಿಯೇ ಹುಟ್ಟಿದ್ದು; ನೀಲಿ ಅದರ ಮುಪ್ಪು, ಜನ್ಮವಲ್ಲ.

ಐದನೆಯ ಜಾರ್ಜನ ಕಾಲದ ಚೀಟಿಗಳ ವಿಷಯವೂ ಹೀಗೆಯೇ. ಒಂದಾಣೆಯ ಕೆಂಪು ಚೀಟಿಗೆ ಕ್ಯಾಟಲಾಗಿನಲ್ಲಿ ರೋಸ್-ಕಾರ್ಮೈನ್, ಕಾರ್ಮೈನ್, ಅನಿಲೀನ್ ಕಾರ್ಮೈನ್ ಎಂಬ ಭೇದಗಳಿವೆ. 1922ರಲ್ಲಿ ಒಂದಾಣೆ ಚಾಕೊಲೇಟು ಬಣ್ಣಕ್ಕೆ ತಿರುಗಿತು. ಅದುವರೆಗೆ ಈ ಚೀಟಿಗಳನ್ನು ಲಂಡನ್ನಿನಲ್ಲಿ ಡಿ ಲಾ ರೂ ಕಂಪೆನಿ ಮುದ್ರಿಸುತ್ತಿತ್ತು. ನಾಸಿಕದಲ್ಲಿ ಸರ್ಕಾರದ ಭದ್ರತಾ ಮುದ್ರಣಾಲಯ ಸ್ಥಾಪನೆಯಾದ ಮೇಲೆ, 1926ರಿಂದ, ಅದೇ ಚಿತ್ರದ ಅದೇ ಚಾಕೊಲೇಟಿನ ಚೀಟಿಗಳು ನಾಸಿಕದಿಂದ ಹೊರಬಂದವು. ಎರಡು ಅಚ್ಚುಕೂಟಗಳ ಶಾಯಿಯಲ್ಲಿ ಸೂಕ್ಷ್ಮ ಅಂತರವಿದೆಯೆಂದು ವಾದಿಸುವವರಿದ್ದಾರೆ. ಇರಲಿ. ಲಂಡನ್ನಿನ ಕಾಗದದಲ್ಲಿ ಚೀಟಿಗೊಂದರಂತೆ ಒಂಟಿ ನಕ್ಷತ್ರದ ನೀರುಗುರುತು, ನಾಸಿಕದ್ದರಲ್ಲಿ ಹಲವು ನಕ್ಷತ್ರಗಳ ಸಾಲು. ಚೀಟಿಯನ್ನು ತಿರುವಿ ನೋಡಿದರೆ ತೀರ್ಮಾನವಾಗುವ ಸಂಗತಿಯನ್ನು ಮುಂಭಾಗದ ಕಂದಿನ ಗಾಢತೆಯಿಂದ ನಿರ್ಣಯಿಸಹೊರಡುವುದು, ಪುಷ್ಪಿಕೆಯಲ್ಲಿ ಲಿಪಿಕಾರನ ಹೆಸರಿರುವಾಗ ಅದನ್ನೋದದೆ ಕೈಬರಹದ ಬಳುಕಿನಿಂದ ಅವನನ್ನು ಊಹಿಸಿದಂತೆ.

ಇನ್ನು ವಿಕಾರದ ಮಾತು. ಕಾರವಾರದಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಅಂಕೋಲೆಯ ಹವೆಯೂ ಬೇರೆಯಲ್ಲ. ಒಂದು ಕಡೆ ಸಮುದ್ರದ ಉಪ್ಪುಗಾಳಿ, ಇನ್ನೊಂದು ಕಡೆ ಘಟ್ಟದ ಮಳೆ. ಈ ತೇವದಲ್ಲಿ ಚೀಟಿಯ ಹಿಂಬದಿಯ ಅಂಟು ಕಂದುತ್ತದೆ, ಬೂಷ್ಟು ಹಿಡಿದು ಕಾಗದದ ಮೇಲೆ ಕಂದು ಚುಕ್ಕೆಗಳೇಳುತ್ತವೆ. ಕಾಗದ ಹಳದಿಗಟ್ಟಿದೊಡನೆ ಅದರ ಮೇಲಿನ ಬಣ್ಣವೂ ಬೇರೆಯಾಗಿ ಕಾಣುತ್ತದೆ: ನೀಲಿ ಹಸಿರಿನತ್ತ ವಾಲುತ್ತದೆ, ಗುಲಾಬಿ ಇಟ್ಟಿಗೆಯ ಬಣ್ಣಕ್ಕೆ ಸರಿಯುತ್ತದೆ. ಶಾಯಿ ಅಲ್ಲಿಯೇ ಇದೆ. ಬದಲಾದದ್ದು ಅದರ ಹಿಂದಿನ ಬಿಳುಪು. ಸೀಸದ ಅಂಶವಿರುವ ಹಳದಿ, ಕಿತ್ತಳೆ, ಕೆಂಪುಗಳಿಗೆ ಗಂಧಕದ ಆವಿ ತಾಗಿದರೆ ಅವು ಕಪ್ಪಿನತ್ತ ತಿರುಗುತ್ತವೆ. ಸಂಗ್ರಾಹಕರು ಇದನ್ನು 'ಆಕ್ಸಿಡೈಸ್' ಆದದ್ದೆಂದು ಕರೆಯುವುದು ವಾಡಿಕೆ. ನಿಜದಲ್ಲಿ ಅದು ಗಂಧಕದ ಕೆಲಸ. ಹೈಡ್ರೋಜನ್ ಪೆರಾಕ್ಸೈಡಿನ ಸೋಂಕಿಗೆ ಎಷ್ಟೋ ಬಾರಿ ಹಳೆಯ ಬಣ್ಣ ಮರಳುವುದೇ ಇದಕ್ಕೆ ಪ್ರಮಾಣ. ಮರಳಿ ಬರಬಲ್ಲ ಬಣ್ಣವನ್ನು ಹೊಸ ಛಾಯೆಯೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ?

ನೀರಿನ ಕಥೆ ಇನ್ನೂ ಕಠೋರ. ಬಳಸಿದ ಚೀಟಿಯ ಠಸ್ಸೆಯನ್ನು ತೊಳೆದು ಮತ್ತೆ ಬಳಸದಿರಲೆಂದು ಡಿ ಲಾ ರೂ ಕಂಪೆನಿ ನೀರಿಗೆ ಕರಗುವ ಶಾಯಿಗಳನ್ನು ಬೇಕೆಂದೇ ರೂಪಿಸಿತ್ತು. ಅವುಗಳಲ್ಲಿ ಹಸಿರು, ಊದಾಗಳು ಮುಖ್ಯವಾದವು. ಬ್ರಿಟನ್ನಿನ 1880ರ ದಶಕದ ಹಸಿರು ಚೀಟಿಗಳು ನೀರು ತಾಗಿದೊಡನೆ ಹಳದಿಗೆ ತಿರುಗುವುದು ಇದೇ ಕಾರಣಕ್ಕೆ. ಛಾಯೆಯನ್ನು ನೋಡಲೆಂದು ಚೀಟಿಯನ್ನು ನೀರಿಗೆ ಹಾಕುವವನು ತಾನು ನೋಡಬೇಕಾದುದನ್ನೇ ತೊಳೆದು ಹಾಕುತ್ತಾನೆ.

ಕ್ಯಾಟಲಾಗಿನ ಹೆಸರುಗಳೇ ಅಂತಿಮವೆಂಬ ನಂಬಿಕೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. ಕನ್ನಡದಲ್ಲಿ ಛಾಯೆಗಳಿಗೆ ಪದಗಳಿಲ್ಲ, ಆದ್ದರಿಂದ ಇಂಗ್ಲಿಷ್ ಹೆಸರುಗಳೇ ಗತಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಕನ್ನಡವು ಬಣ್ಣವನ್ನು ಬಹುಕಾಲದಿಂದ ದ್ರವ್ಯದ ಹೆಸರಿನಿಂದ ಕರೆದಿದೆ: ಇಂಗಳೀಕ, ಅರದಾಳ, ಕಾವಿ, ನೀಲಿ, ಕಿರಮಂಜಿ. ಕಿರಮಂಜಿ ಹುಳುವಿನಿಂದ ತೆಗೆದ ಕೆಂಪು. ಇಂಗ್ಲಿಷಿನ ಕ್ರಿಮ್ಸನ್, ಕಾರ್ಮೈನ್‌ಗಳೂ ಅರಬ್ಬಿಯ ಕಿರ್ಮಿಜ್ ಮೂಲಕ ಅದೇ ಹುಳುವಿಗೆ ಹೋಗಿ ಮುಟ್ಟುತ್ತವೆ. ಸಂಸ್ಕೃತದ ಕೃಮಿ ಆ ಪದದ ಬಂಧು. ಕಾರವಾರ, ಅಂಕೋಲೆ, ಕುಮಟೆಗಳ ಕರಾವಳಿಯ ಹಳೆಯ ದೇವಾಲಯಗಳ ಗೋಡೆಯ ಮೇಲೆ ಸುಣ್ಣದ ಬಿಳುಪಿನ ಮಧ್ಯೆ ಬರೆದ ಕಾವಿ ಚಿತ್ರಗಳ ಬಣ್ಣವನ್ನು ಆ ಭಾಗದ ಜನ 'ಕಂದುಗೆಂಪು' ಎನ್ನುವುದಿಲ್ಲ, 'ಕಾವಿ' ಎನ್ನುತ್ತಾರೆ. ಅಂದರೆ ಯಾವ ಮಣ್ಣೆಂದು ಹೇಳುತ್ತಾರೆ. ಪ್ರಯೋಗಾಲಯವು ಚೀಟಿಯ ಶಾಯಿಯನ್ನು ಕುರಿತು ಕೇಳುವ ಪ್ರಶ್ನೆಯೂ ಅದೇ.

ಎರಡನೆಯ ತಪ್ಪು ಹೆಚ್ಚು ಗಂಭೀರವಾದುದು: ಹೆಸರು ಸಿಕ್ಕೊಡನೆ ವಸ್ತು ಸಿಕ್ಕಿತೆಂಬ ಭ್ರಮೆ. ಅಂಕೋಲೆಯ ಇಶಾಡು ಮಾವಿನಹಣ್ಣಿನಲ್ಲಿ ಕರಿ ಇಶಾಡು, ಬಿಳಿ ಇಶಾಡು ಎಂಬ ಎರಡು ಬಗೆಗಳಿವೆ. ಹೆಸರಿನಲ್ಲಿರುವುದು ಬಣ್ಣ. ಕೊಳ್ಳುವವರು ನೋಡುವುದು ಬಣ್ಣವನ್ನಷ್ಟೇ ಅಲ್ಲ. ಕರಿ ಇಶಾಡಿನ ಸಿಪ್ಪೆ ತೆಳು, ತಿರುಳು ಹೆಚ್ಚು. ಬಿಳಿಯದರ ಸಿಪ್ಪೆ ದಪ್ಪ, ತಿರುಳು ಕಡಿಮೆ. 'ಕರಿ' ಎಂಬ ಪದವನ್ನು ಅರಿತು ಹಣ್ಣನ್ನು ಅರಿಯದವನು ಮಾರುಕಟ್ಟೆಯಲ್ಲಿ ಮೋಸಹೋಗುತ್ತಾನೆ. 'ಎಮರಾಲ್ಡ್ ಗ್ರೀನ್' ಎಂಬ ಪದವನ್ನು ಅರಿತು 1854ರ ಎರಡಾಣೆಯ ಹಸಿರುಗಳನ್ನು ಒಟ್ಟಿಗಿಟ್ಟು ನೋಡದವನ ಗತಿಯೂ ಅದೇ. ಆ ಚೀಟಿಯ ಹಸಿರುಗಳಲ್ಲಿ ಪಚ್ಚೆಯ ಛಾಯೆ ಅತಿ ದುರ್ಲಭ. ಬೆಲೆಯ ಅಂತರ ದೊಡ್ಡದಾದಷ್ಟೂ ಪಚ್ಚೆಯನ್ನು ಕಾಣಬೇಕೆಂಬ ಕಣ್ಣಿನ ಆಸೆಯೂ ದೊಡ್ಡದಾಗುತ್ತದೆ.

ಇಷ್ಟಕ್ಕೂ ಕಣ್ಣು ನಿಷ್ಪಕ್ಷಪಾತಿಯಲ್ಲ. ಒಂದೇ ಬಣ್ಣ ಬಿಳಿಯ ಹಾಳೆಯ ಮೇಲೆ ಒಂದಾಗಿ, ಕಪ್ಪು ಹಾಳೆಯ ಮೇಲೆ ಇನ್ನೊಂದಾಗಿ ಕಾಣುವುದನ್ನು ಫ್ರಾನ್ಸಿನ ಶೆವ್ರೂಲ್ 1839ರಷ್ಟು ಹಿಂದೆಯೇ ವಿವರಿಸಿದ್ದಾನೆ. ಹಗಲಿನ ಬೆಳಕಿನಲ್ಲಿ ಒಂದೇ ಎನ್ನಿಸಿದ ಎರಡು ಶಾಯಿಗಳು ವಿದ್ಯುದ್ದೀಪದಡಿ ಬೇರೆಯಾಗುತ್ತವೆ. ಜುಲೈ ತಿಂಗಳ ಕಾರವಾರದ ಮೋಡದ ಬೆಳಕಿಗೂ ಜನವರಿಯ ಬಿಸಿಲಿಗೂ ಇರುವ ಅಂತರ ಸಾಲದೆಂಬಂತೆ, ಈಗ ಛಾಯೆಯ ನಿರ್ಣಯ ಮೊಬೈಲಿನ ಪರದೆಯ ಮೇಲೆ ನಡೆಯುತ್ತಿದೆ. ಒಬ್ಬನ ಕ್ಯಾಮೆರಾ ಕಂಡದ್ದನ್ನು ಇನ್ನೊಬ್ಬನ ಪರದೆ ತೋರಿಸಿದ ರೀತಿಯಲ್ಲಿ ನೋಡಿ ಮೂರನೆಯವನು ಬೆಲೆ ಕಟ್ಟುತ್ತಾನೆ. ಪ್ರತಿಯ ಪ್ರತಿಯ ಪ್ರತಿಯಿಂದ ಶುದ್ಧಪಾಠವನ್ನು ನಿರ್ಣಯಿಸುವ ಸಾಹಸವನ್ನು ಯಾವ ಸಂಪಾದಕನೂ ಮಾಡಲಾರ.

ಗಿಬ್ಬನ್ಸ್ ಸಂಸ್ಥೆಯ 200 ಬಣ್ಣಗಳ ಕೈಪಟ್ಟಿ ಇದೆಯಲ್ಲ, ವರ್ಣಮಾಪಕ ಯಂತ್ರಗಳಿವೆಯಲ್ಲ ಎಂದು ಆಕ್ಷೇಪಿಸಬಹುದು. ಅವು ಉಪಯುಕ್ತ ಸಾಧನಗಳೇ. ಅತಿನೇರಳೆ ದೀಪದಡಿಯಲ್ಲಿ ಅನಿಲೀನ್ ಶಾಯಿಗಳು ಹೊಳೆದು ತಮ್ಮ ದ್ರವ್ಯವನ್ನು ತಾವೇ ಹೇಳಿಕೊಳ್ಳುವುದುಂಟು. ಆದರೆ ಯಂತ್ರ ಅಳೆಯುವುದು ಚೀಟಿಯ ಇಂದಿನ ಬಣ್ಣವನ್ನು. ಮುದ್ರಣದ ದಿನ ಅದು ಹೇಗಿತ್ತೆಂಬುದನ್ನು ಹೇಳುವ ಯಂತ್ರವಿಲ್ಲ. ದಶಕಗಳ ಅಭ್ಯಾಸವಿರುವ ತಜ್ಞರ ಕಣ್ಣು ಗೌರವಕ್ಕೆ ಅರ್ಹ, ಸಂದೇಹವಿಲ್ಲ. ಅವರ ಕಣ್ಣು ಪಳಗಿದ್ದಾದರೂ ಹೇಗೆ? ದಿನಾಂಕ ಖಚಿತವಾಗಿರುವ ನೂರಾರು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕೊನೆಗೂ ಎಲ್ಲವೂ ಬಂದು ನಿಲ್ಲುವುದು ದಿನಾಂಕವುಳ್ಳ ಸಾಕ್ಷಿಯ ಬಳಿಗೆ. ಅಂದರೆ ಠಸ್ಸೆಯೊಡನೆ ಉಳಿದುಕೊಂಡ ಲಕೋಟೆಯ ಬಳಿಗೆ.

ಅಂಕೋಲೆಯ ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದಿನ ವರ್ಷಗಳ ಕರನಿರಾಕರಣೆಯಿಂದ ಆ ತಾಲೂಕು ಕರ್ನಾಟಕದ ಬಾರ್ಡೋಲಿಯೆಂದು ಹೆಸರಾಯಿತು. ಆ ಕಾಲದ ಪತ್ರವೊಂದು ಸಿಕ್ಕಿತೆಂದಿಟ್ಟುಕೊಳ್ಳೋಣ. ಒಳಗಿನ ಕಾಗದದಲ್ಲಿ ತಾರೀಖಿಲ್ಲ. ಠಸ್ಸೆಯ ಅರ್ಧ ಅಳಿಸಿದೆ. ಲಕೋಟೆಯ ಮೇಲೆ ಚಾಕೊಲೇಟು ಬಣ್ಣದ ಒಂದಾಣೆಯ ಚೀಟಿಯೊಂದಿದೆ. ಅದರ ಛಾಯೆಯಿಂದ ವರ್ಷವನ್ನು ನಿರ್ಣಯಿಸುವುದು ಸಾಧ್ಯವೇ ಇಲ್ಲ. ಆದರೆ 1931ರ ಡಿಸೆಂಬರಿನಲ್ಲಿ ಹಗುರ ಪತ್ರದ ದರ ಒಂದಾಣೆಯಿಂದ ಒಂದೂಕಾಲಾಣೆಗೆ ಏರಿತು. ಲಕೋಟೆಯ ಮೇಲೆ ಒಂದಾಣೆಯೇ ಇದ್ದು, ಬಾಕಿ ದುಡ್ಡು ವಸೂಲಿಯ ಗುರುತಿಲ್ಲದಿದ್ದರೆ ಪತ್ರ ಆ ಡಿಸೆಂಬರಿಗಿಂತ ಹಿಂದಿನದೆನ್ನಬಹುದು. ಪಕ್ಕದಲ್ಲಿ ಮೂರು ಪೈಯ ಬೂದು ಚೀಟಿಯೊಂದು ಜೊತೆಗೂಡಿದ್ದರೆ ಅದಕ್ಕಿಂತ ಈಚಿನದಿರುವ ಸಂಭವ ಹೆಚ್ಚು. ಚಳವಳಿಯ ಯಾವ ಘಟ್ಟದಲ್ಲಿ ಆ ಪತ್ರ ಬರೆಯಲಾಯಿತೆಂಬ ಪ್ರಶ್ನೆಗೆ ಹೀಗೆ ಒಂದು ಸುಳಿವು ದೊರೆಯಿತು. ಎರಡು ಚೀಟಿಗಳನ್ನೂ ನೀರಿನಲ್ಲಿ ನೆನೆಸಿ ಬಿಡಿಸಿ, ಚಾಕೊಲೇಟನ್ನು ಒಂದು ಪುಟದಲ್ಲಿ, ಬೂದನ್ನು ಇನ್ನೊಂದು ಪುಟದಲ್ಲಿ ಅಂಟಿಸಿದ್ದರೆ? ಚೀಟಿಗಳು ಉಳಿದವು, ಸಾಕ್ಷಿ ಸತ್ತಿತು. ಮೂರು ಪೈಯ ಆ ಬೂದು ತಿಳಿಬೂದೋ ನೀಲಿಬೂದೋ ಸ್ಲೇಟು ಬಣ್ಣವೋ ಎಂಬ ಚರ್ಚೆ ಮಾತ್ರ ಕೊನೆಯಿಲ್ಲದೆ ನಡೆಯುತ್ತಿರುತ್ತದೆ.

ಠಸ್ಸೆಯ ದಿನಾಂಕವೇ ಸರ್ವಸ್ವವೆಂದೂ ತಿಳಿಯಬಾರದು. ಅದು ಬಳಕೆಯ ದಿನಾಂಕ, ಮುದ್ರಣದ್ದಲ್ಲ. ಸಣ್ಣ ಊರಿನ ಅಂಚೆ ಕಚೇರಿಯಲ್ಲಿ ಹಳೆಯ ದಾಸ್ತಾನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿದಿರಬಹುದು. ಪುಷ್ಪಿಕೆಯಲ್ಲಿರುವ ಲಿಪಿಕಾರನ ಕಾಲವು ಕವಿಯ ಕಾಲವಲ್ಲವೆಂಬುದು ಹಳಗನ್ನಡದ ವಿದ್ಯಾರ್ಥಿಗಳಿಗೆ ಹೊಸತಲ್ಲ. ಆದರೆ ಅದು ಒಂದು ಮೇರೆಯನ್ನು ಹಾಕಿಕೊಡುತ್ತದೆ: ಈ ಛಾಯೆ ಈ ದಿನಕ್ಕಿಂತ ಮುಂಚೆಯೇ ಮುದ್ರಿತವಾಗಿತ್ತು, ಈಚೆಗಲ್ಲ. ಇಂಥ ಹತ್ತು ಮೇರೆಗಳು ಸೇರಿದಾಗ ಒಂದು ಛಾಯೆಯ ಕಾಲ ನಿಚ್ಚಳವಾಗುತ್ತದೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದವರಿಗೆ ಈ ತರ್ಕದ ದಾರಿ ಪರಿಚಿತವಾದುದೇ. ಬಿಡಿ ಚೀಟಿಗೆ ಅಂಥ ಮೇರೆಯೇ ಇಲ್ಲ. ಅದು ಗ್ರಂಥದಿಂದ ಹರಿದು ಬಂದ ಒಂಟಿ ಗರಿ.

ಇನ್ನೊಂದು ಕಡೆಯ ಅಲಕ್ಷ್ಯವನ್ನೂ ಹೇಳದಿದ್ದರೆ ಈ ವಾದ ಏಕಪಕ್ಷೀಯವಾದೀತು. ಅಂಚೆಚೀಟಿಯೆಂದರೆ ಮಕ್ಕಳ ಆಟವೆಂದು ಮೂಗು ಮುರಿಯುವ ಸಾಹಿತ್ಯ ಸಂಶೋಧಕರು ಸಂಗ್ರಾಹಕರಷ್ಟೇ ತಪ್ಪಿತಸ್ಥರು. ಅಂಕೋಲೆಯ ದಿನಕರ ದೇಸಾಯಿ, ಗೋಕರ್ಣದ ಗೌರೀಶ ಕಾಯ್ಕಿಣಿ, ಹನೇಹಳ್ಳಿಯ ಯಶವಂತ ಚಿತ್ತಾಲ ಮುಂತಾದವರನ್ನು ಕೊಟ್ಟ ಜಿಲ್ಲೆ ಅದು. ಅಂಥ ಜಿಲ್ಲೆಯ ಸಾಹಿತ್ಯಚರಿತ್ರೆಗೆ ಪತ್ರಗಳಷ್ಟು ಸಹಜವಾದ ಆಕರ ಇನ್ನೊಂದಿಲ್ಲ. ಆದರೆ ಲೇಖಕರ ಪತ್ರಗಳನ್ನು ಸಂಪಾದಿಸುವಾಗ ಒಳಗಿನ ಕಾಗದವನ್ನು ಇಟ್ಟುಕೊಂಡು ಲಕೋಟೆಯನ್ನು ಕಸಕ್ಕೆಸೆಯುವುದು ಅಪರೂಪವಲ್ಲ. ಎಸೆದ ಲಕೋಟೆ ಸಂಗ್ರಾಹಕನ ಕೈಸೇರುತ್ತದೆ. ಅವನು ಚೀಟಿಯನ್ನು ಇಟ್ಟುಕೊಂಡು ಲಕೋಟೆಯನ್ನು ಎಸೆಯುತ್ತಾನೆ. ಒಬ್ಬನಿಗೆ ಪದ ಬೇಕು, ಇನ್ನೊಬ್ಬನಿಗೆ ಬಣ್ಣ ಬೇಕು. ಪದಕ್ಕೂ ಬಣ್ಣಕ್ಕೂ ಕಾಲವನ್ನು ಕೊಡಬಲ್ಲ ಪಾಕೀಟು ಇಬ್ಬರ ನಡುವೆ ನಾಶವಾಗುತ್ತದೆ.

ಆದ್ದರಿಂದ ಬೇಕಾದುದು ಒಂದು ಶಿಸ್ತು. ಲಕೋಟೆಯ ಮೇಲಿರುವ ಚೀಟಿಯನ್ನು ಯಾವ ಕಾರಣಕ್ಕೂ ಬಿಡಿಸಬಾರದು. ಛಾಯೆಯನ್ನು ಹೆಸರಿಸುವ ಮುನ್ನ ನೀರುಗುರುತು, ಬರಹ, ಅಂಚಿನ ರಂಧ್ರ, ಠಸ್ಸೆ, ದರ ಇಷ್ಟನ್ನೂ ಬರೆದಿಡಬೇಕು. ಬಣ್ಣ ಕೊನೆಯಲ್ಲಿ ಬರಲಿ. ಹೋಲಿಕೆ ಯಾವಾಗಲೂ ಹಗಲಿನ ಬೆಳಕಿನಲ್ಲಿ, ಒಂದೇ ಹಿನ್ನೆಲೆಯ ಮೇಲೆ, ದಿನಾಂಕವಿರುವ ಪ್ರತಿಯೊಡನೆ ನಡೆಯಲಿ. ಚೀಟಿಯ ಹಿಂಬದಿಯನ್ನೂ ಠಸ್ಸೆಯ ಮಸಿಯಡಿಯ ಮರೆಯನ್ನೂ ನೋಡಬೇಕು. ಬೆಳಕು ತಾಗದ ಕಡೆ ಮೂಲದ ಬಣ್ಣ ಉಳಿದಿರುವುದುಂಟು. ಹವೆಯಿಂದ ಕೆಟ್ಟುದನ್ನು ಕೆಟ್ಟದ್ದೆಂದೇ ಕರೆಯಬೇಕು. 'ಬಣ್ಣಗೆಟ್ಟದ್ದು' ಎಂಬ ಪ್ರಾಮಾಣಿಕ ಪದ ಕನ್ನಡದಲ್ಲಿರುವಾಗ ಅದನ್ನು 'ಅಪರೂಪದ ಛಾಯೆ' ಎಂಬ ಮಾತಿನಿಂದ ಮುಚ್ಚುವುದು ಅಜ್ಞಾನವಲ್ಲದಿದ್ದರೆ ವಂಚನೆ.

ಛಾಯೆಗಳ ಅಧ್ಯಯನ ನಿಲ್ಲಬೇಕೆಂಬುದು ಈ ವಾದದ ತಾತ್ಪರ್ಯವಲ್ಲ. ಅದು ಅಧ್ಯಯನವಾಗಬೇಕೆಂಬುದೇ ತಾತ್ಪರ್ಯ. 1854ರಲ್ಲಿ ಕಲ್ಕತ್ತೆಯಲ್ಲಿ ಇಂಗಳೀಕ ಮುಗಿದುಹೋದ ಸಂಗತಿ ಒಂದು ಚೀಟಿಯ ಬಣ್ಣದಲ್ಲಿ ಉಳಿದುಬಂದಿದೆ. 1926ರಲ್ಲಿ ಮುದ್ರಣ ಲಂಡನ್ನಿನಿಂದ ನಾಸಿಕಕ್ಕೆ ಬಂದ ಸಂಗತಿ ಒಂದು ನೀರುಗುರುತಿನಲ್ಲಿ ಉಳಿದುಬಂದಿದೆ. ಅಂಕೋಲೆಯ ಮನೆಯೊಂದರ ಟ್ರಂಕಿನಲ್ಲಿ ಇನ್ನೇನು ಉಳಿದಿದೆಯೋ ಅದನ್ನು ಓದುವ ಮೊದಲೇ ನೀರಿನ ಬಟ್ಟಲಿಗೆ ಹಾಕದಿದ್ದರೆ ಸಾಕು.